ಕಂಠಸಿರಿಯ ರಕ್ಷಣೆ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ನಾಲಗೆಯ ಮೇಲೆ ಹಿಡಿತವಿರಬೇಕೆಂದು ತಿಳಿಸುವುದಕ್ಕಾಗಿ ಹಿರಿಯರು ಇದನ್ನು ಹೇಳುತ್ತಿದ್ದರು. ಈ ಗಾದೆಗೆ ಇನ್ನೊಂದು ಅರ್ಥವೂ ಉಂಟು. ಆಡಿದ ಮಾತು, ಹಾಡಿದ ಹಾಡು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಅಡಗುತ್ತದೆ. ಪಂಪನ ಕಾವ್ಯ ಸಾವಿರ ವರ್ಷಗಳ ಬಳಿಕವೂ ನಮ್ಮ ಕೈಯಲ್ಲಿದೆ. ಅವನು ಅದನ್ನು ಯಾವ ದನಿಯಲ್ಲಿ ಓದುತ್ತಿದ್ದನೆಂದು ಹೇಳಬಲ್ಲವರು ಯಾರೂ ಇಲ್ಲ. ಪುರಂದರದಾಸರ ಪದಗಳು ಉಳಿದಿವೆ. ಅವರ ಕಂಠ ಉಳಿದಿಲ್ಲ. ಮನುಷ್ಯನು ದನಿಯನ್ನು ಹಿಡಿದಿಡಲು ಕಲಿತು ಸುಮಾರು ನೂರೈವತ್ತು ವರ್ಷಗಳಾದುವು, ಅಷ್ಟೆ. ಹಾಗೆ ಹಿಡಿದಿಟ್ಟ ದನಿಯೂ ಈಗ ನಮ್ಮ ಕಣ್ಣೆದುರಿಗೇ ಕಳೆದುಹೋಗುತ್ತಿದೆ. ಅದನ್ನು ಉಳಿಸಿಕೊಳ್ಳುವುದು ನಮ್ಮ ಕಾಲದ ಕರ್ತವ್ಯಗಳಲ್ಲಿ ಒಂದೆಂದು ನಾನು ತಿಳಿದಿದ್ದೇನೆ.

ನಾನು ವಾಸವಾಗಿರುವ ಮಂಗಳೂರಿನ ಬಲ್ಮಠಕ್ಕೂ ಈ ವಿಷಯಕ್ಕೂ ಸಂಬಂಧವುಂಟು. ಬಾಸೆಲ್ ಮಿಷನ್ನಿನವರು ಇಲ್ಲಿ 1841ರಲ್ಲಿ ಮುದ್ರಣಾಲಯವನ್ನು ಆರಂಭಿಸಿದರು. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಪ್ರಕಟವಾದುದು ಈ ಮಿಷನ್ನಿನ ಅಚ್ಚುಕೂಟದಿಂದಲೇ. ಅದಕ್ಕೂ ಮೊದಲು, 1886ರಲ್ಲಿ, ಎ. ಮ್ಯಾನರ್ ಎಂಬವರು ತುಳುವಿನ ಪಾಡ್ದನಗಳನ್ನು ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಗದ್ದೆಯ ಕೆಸರಿನಲ್ಲಿ, ದೈವದ ಅಂಗಳದಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ಕಥನಗೀತಗಳಿಗೆ ಅಕ್ಷರದ ರಕ್ಷೆ ದೊರೆಯಿತು. ಆದರೆ ಆ ಪುಸ್ತಕದಲ್ಲಿರುವುದು ಪಾಡ್ದನದ ಮಾತು ಮಾತ್ರ. ಹಾಡಿದವರ ಎಳೆತ, ಉಸಿರಿನ ನಿಲುಗಡೆ, ತೆಂಬರೆಯ ಲಯ ಇವು ಯಾವುದೂ ಅದರಲ್ಲಿಲ್ಲ. ಅದು ಸಂಗ್ರಹಕಾರರ ದೋಷವಲ್ಲ; ಅಕ್ಷರಕ್ಕೆ ಇರುವ ಮಿತಿ.

ಆ ಪುಸ್ತಕ ಪ್ರಕಟವಾಗುವುದಕ್ಕೆ ಒಂಬತ್ತು ವರ್ಷ ಮೊದಲೇ, 1877ರಲ್ಲಿ, ಅಮೆರಿಕದ ಎಡಿಸನ್ ದನಿಯನ್ನು ಹಿಡಿಯುವ ಫೋನೋಗ್ರಾಫನ್ನು ಕಂಡುಹಿಡಿದಿದ್ದನು. 1887ರಲ್ಲಿ ಬರ್ಲಿನರ್ ಎಂಬವನು ಚಪ್ಪಟೆಯಾದ ತಟ್ಟೆಯ ಮೇಲೆ ದನಿಯನ್ನು ಕೊರೆಯುವ ಗ್ರಾಮಫೋನನ್ನು ರೂಪಿಸಿದನು. ಮಿನಿಟಿಗೆ 78 ಸುತ್ತು ತಿರುಗುತ್ತಿದ್ದ ಈ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ಮಿನಿಟುಗಳ ಹಾಡು. ತಟ್ಟೆಗೆ ಬೇಕಾದ ಮುಖ್ಯ ದ್ರವ್ಯ ಅರಗು. ಮರದ ಕೊಂಬೆಗಳ ಮೇಲೆ ಕೀಟಗಳು ಸ್ರವಿಸುವ ಈ ಅರಗು ಹೆಚ್ಚಾಗಿ ದೊರೆಯುತ್ತಿದ್ದುದು ನಮ್ಮ ದೇಶದಲ್ಲಿಯೇ. ಪಾಂಡವರನ್ನು ಸುಡುವುದಕ್ಕಾಗಿ ದುರ್ಯೋಧನನು ಅರಗಿನ ಮನೆಯನ್ನು ಕಟ್ಟಿಸಿದ ಕಥೆಯನ್ನು ನೀವು ಬಲ್ಲಿರಿ. ಕೊಲ್ಲಲು ಉಪಯೋಗಿಸಿದ ವಸ್ತುವನ್ನೇ ಕಂಠವನ್ನು ಕಾಪಾಡಲೂ ಉಪಯೋಗಿಸಬಹುದೆಂದು ಗ್ರಾಮಫೋನು ತೋರಿಸಿಕೊಟ್ಟಿತು.

1902ರಲ್ಲಿ ಕಲ್ಕತ್ತೆಗೆ ಬಂದ ಗೈಸ್ಬರ್ಗ್ ಎಂಬ ಧ್ವನಿಮುದ್ರಕನು ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಅವರ ಕಂಠವನ್ನು ತಟ್ಟೆಗಿಳಿಸಿದನು. ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆಗಳನ್ನು ಅಚ್ಚು ಹಾಕುವಾಗ ಯಾರ ಹಾಡೆಂಬ ಗುರುತು ತಪ್ಪಬಾರದೆಂಬುದೇ ಅದರ ಉದ್ದೇಶವೆನ್ನುತ್ತಾರೆ. ಈ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಕೆಯ ದನಿ ಇಂದಿಗೂ ಕೇಳುತ್ತಿದೆ. ನಮ್ಮ ಕರಾವಳಿಯವರೇ ಆದ ಪಿ. ಕಾಳಿಂಗರಾಯರು ಕನ್ನಡದ ಭಾವಗೀತೆಗಳಿಗೆ ಕೊಟ್ಟ ಸ್ವರವನ್ನು ಅವರು 1981ರಲ್ಲಿ ಕಣ್ಮರೆಯಾದ ಬಳಿಕವೂ ನಾವು ಕೇಳಬಲ್ಲೆವು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಮೊದಲನೆಯದನ್ನೇ ಉಳಿಸಿಕೊಳ್ಳಲಾರದ ನಾವು ಉಳಿದವುಗಳ ವಿಷಯದಲ್ಲಿ ಉದಾಸೀನರಾಗಿರುವುದು ಸರಿಯೇ?

ಅರಗಿನ ತಟ್ಟೆ ಕೈ ಜಾರಿದರೆ ಒಡೆಯುತ್ತದೆ. 1948ರಿಂದ ಬಳಕೆಗೆ ಬಂದ ವಿನೈಲ್ ತಟ್ಟೆ ಒಡೆಯುವುದಿಲ್ಲ; ಆದರೆ ಗೀರು ಬೀಳುತ್ತದೆ, ಬಿಸಿಲಿಗೆ ಸೊಟ್ಟಗಾಗುತ್ತದೆ. ಬಳಿಕ ಬಂದ ಧ್ವನಿಸುರುಳಿಗೆ ನಮ್ಮ ಕರಾವಳಿಯ ಮಳೆಗಾಲವೇ ಶತ್ರು. ತೇವ ತಾಗಿ ಬೂಸಲು ಹಿಡಿಯುತ್ತದೆ. ಮೇಲಾಗಿ ಮುಳ್ಳು ತಟ್ಟೆಯ ಮೇಲೆ ಹರಿದಾಗಲೆಲ್ಲ ಗೆರೆಯು ಒಂದಿಷ್ಟು ಸವೆಯುತ್ತದೆ. ಕೇಳಿದಷ್ಟೂ ಕಳೆಯುವುದು ಅದರ ಸ್ವಭಾವ. ಆದುದರಿಂದಲೇ ದನಿಯನ್ನು ಅಂಕಿಗಳನ್ನಾಗಿ ಪರಿವರ್ತಿಸಿ ಗಣಕಯಂತ್ರದಲ್ಲಿ ಇರಿಸುವ ವಿಧಾನ ಅವಶ್ಯಕವಾಯಿತು.

ದನಿ ಅಂಕಿಯಾಗುವುದು ಹೇಗೆ? ನೇತ್ರಾವತಿಯ ಅಳಿವೆಯಲ್ಲಿ ಒಂದು ಕಂಬವನ್ನು ನೆಟ್ಟು, ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಒಬ್ಬನು ಸಮಯ ತಪ್ಪದೆ ಬರೆಯುತ್ತಾ ಹೋಗುವನೆಂದು ಭಾವಿಸಿರಿ. ಆ ಪಟ್ಟಿಯನ್ನು ನೋಡಿ ಮತ್ತೊಬ್ಬನು ಅಲೆಯ ಆಕಾರವನ್ನು ಕಾಗದದ ಮೇಲೆ ಬಿಡಿಸಬಲ್ಲನು. ದನಿಯೂ ಒಂದು ಅಲೆಯೇ. ಯಂತ್ರವು ಅದರ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತದೆ. 1982ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಅಳತೆ ಇದು. ಅಳತೆ ವಿರಳವಾದಷ್ಟೂ ಅಲೆಯ ಸೂಕ್ಷ್ಮಗಳು ತಪ್ಪಿಹೋಗುತ್ತವೆ. ಆದಕಾರಣ ಧ್ವನಿಸಂಗ್ರಹಾಲಯಗಳು ಇಂದು ಸೆಕೆಂಡಿಗೆ 96,000 ಸಲ ಅಳೆಯುವ ಕ್ರಮವನ್ನು ಮೆಚ್ಚುತ್ತವೆ.

ಅಳೆಯುವುದಕ್ಕೆ ಮೊದಲು ತಟ್ಟೆಯ ಆರೈಕೆ ನಡೆಯಬೇಕು. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಬಾರದು. ಅರಗು ಅದರಲ್ಲಿ ಕರಗುತ್ತದೆ. ವಿನೈಲ್ ತಟ್ಟೆಯ ಸಣ್ಣ ಮುಳ್ಳನ್ನು ಹಳೆಯ ತಟ್ಟೆಯ ಅಗಲವಾದ ಗೆರೆಗೆ ಹಾಕಿದರೆ, ಅದು ತಳದ ಧೂಳಿನಲ್ಲಿ ಓಡಿ ಕರಕರ ಸದ್ದನ್ನೇ ಹೆಚ್ಚಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ವೇಗ. ಹಿಂದಿನ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78 ಸುತ್ತಿನಲ್ಲಿಯೇ ಮುದ್ರಿತವಾದುವಲ್ಲ. ವೇಗ ಹೆಚ್ಚಾದರೆ ಶ್ರುತಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಸಂಗೀತ ಬಲ್ಲ ಕಿವಿಯೊಂದು ಯಂತ್ರದ ಬಳಿ ಇರದಿದ್ದರೆ, ನಮಗೆ ದೊರೆಯುವುದು ಗಾಯಕನ ಕಂಠವಲ್ಲ, ಅದರ ವಿಕಾರ.

ಇನ್ನು ಗಣಕಯಂತ್ರದ ಮಾತು. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಕೆಲವು ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಗಣಕಯಂತ್ರಗಳು ಬಂದುವು. ಅದರ ಸ್ಮರಣೆಯ ಅಳವು 32 ಕಿಲೋಬೈಟು. ಮೇಲೆ ಹೇಳಿದ ಕಾಂಪ್ಯಾಕ್ಟ್ ಡಿಸ್ಕಿನ ಅಳತೆಯಲ್ಲಿ ಒಂದು ಸೆಕೆಂಡಿನ ದನಿಗೆ, ಒಂದೇ ವಾಹಿನಿಯಾದರೂ, 88,200 ಬೈಟುಗಳು ಬೇಕು. ಎಂದರೆ ಆ ಯಂತ್ರದಲ್ಲಿ ಅರ್ಧ ಸೆಕೆಂಡಿನ ದನಿಗೂ ಎಡೆಯಿರಲಿಲ್ಲ. ಬಳಿಕ ರೂಢಿಗೆ ಬಂದ 1.44 ಮೆಗಾಬೈಟಿನ ಫ್ಲಾಪಿಯಲ್ಲಿ ಹದಿನಾರು ಸೆಕೆಂಡಿನ ದನಿ ಹಿಡಿಸುತ್ತಿತ್ತು. ಮೂರು ಮಿನಿಟಿನ ಒಂದು ಹಾಡಿಗೆ ಹನ್ನೊಂದು ಫ್ಲಾಪಿಗಳು ಬೇಕಾಗುತ್ತಿದ್ದುವು. ಈ ಇಕ್ಕಟ್ಟಿನಿಂದಾಗಿ ಆ ಕಾಲದವರು ಅಳತೆಯನ್ನು ಕುಗ್ಗಿಸಿ, ದನಿಯನ್ನು ಹಿಂಡಿ, ಚಿಕ್ಕದು ಮಾಡಿ ಇಟ್ಟರು.

ಅದರ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ 1998ರ ಸುಮಾರಿಗೆ ಮಕ್ಕಳು ತಮ್ಮ ಅಜ್ಜಿಯರು ಹಾಡುತ್ತಿದ್ದ ನಾಟಿಯ ಕಬಿತಗಳನ್ನು ಧ್ವನಿಸುರುಳಿಗಳಲ್ಲಿ ತುಂಬಿಕೊಂಡು ಬಂದರು. ಅವುಗಳನ್ನು ಶಾಲೆಯ ಗಣಕಯಂತ್ರಕ್ಕೆ ಇಳಿಸಲಾಯಿತು. ‘ಇನ್ನು ಇವು ಶಾಶ್ವತ’ ಎಂದು ಎಲ್ಲರೂ ಸಂತೋಷಪಟ್ಟರು. ಸುರುಳಿಗಳು ಮನೆಗಳಿಗೆ ಹಿಂದಿರುಗಿ, ಅವುಗಳ ಮೇಲೆ ಸಿನಿಮಾ ಹಾಡುಗಳು ಮುದ್ರಿತವಾದುವು. ಕೆಲವು ವರ್ಷಗಳ ಮೇಲೆ ಹೊಸ ಯಂತ್ರಗಳು ಬಂದುವು. ಆಡಳಿತದವರು ಹಳೆಯದನ್ನು ಗುಜರಿಗೆ ಹಾಕಿದರು. ಉಳಿದುದು ಒಂದೇ ಒಂದು ಫ್ಲಾಪಿ. ಅದನ್ನು ಓದುವ ಯಂತ್ರವೇ ಊರಿನಲ್ಲಿ ಅಪರೂಪವಾಗಿತ್ತು. ಹಳೆಯ ಗಣಕಯಂತ್ರವೊಂದನ್ನು ಜೋಪಾನವಾಗಿ ಇರಿಸಿಕೊಂಡಿದ್ದ ಮಿತ್ರರೊಬ್ಬರು ಅದನ್ನು ತೆರೆದು, ಒಳಗಿದ್ದ ಕಡತವನ್ನು ಈಗಿನ ರೂಪಕ್ಕೆ ಪರಿವರ್ತಿಸಿಕೊಟ್ಟರು. ಎರಡು ಮಿನಿಟಿನ ಹಾಡು ದೊರೆಯಿತು. ಆದರೆ ಫ್ಲಾಪಿಯಲ್ಲಿ ಹಿಡಿಸಲೆಂದು ಸೆಕೆಂಡಿಗೆ 11,025 ಸಲ ಮಾತ್ರ ಅಳೆದಿದ್ದುದರಿಂದ, ಕಂಬಳಿ ಹೊದ್ದು ಹಾಡಿದಂತೆ ಆ ದನಿ ಕೇಳಿಸಿತು. ಸಕಾರ ಶಕಾರಗಳ ಭೇದವೂ ತಿಳಿಯಲಿಲ್ಲ. ಹಾಡಿದ ಅಜ್ಜಿ ಯಾರೆಂದು ಫ್ಲಾಪಿಯ ಮೇಲೆ ಬರೆದಿರಲಿಲ್ಲ. ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಹೇಳಿಕೊಂಡುದು ಎಷ್ಟು ವಿವೇಕದ ಕೆಲಸವೆಂದು ಆಗ ನನಗೆ ಮನವರಿಕೆಯಾಯಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 1930ರ ದಶಕದ ತಟ್ಟೆಯನ್ನು ಇಂದು ವಿದ್ಯುತ್ತಿಲ್ಲದೆಯೂ, ಕೀಲಿ ಕೊಡುವ ಪೆಟ್ಟಿಗೆಯ ಮೇಲಿಟ್ಟು ಕೇಳಬಹುದು. 1990ರ ದಶಕದ ಫ್ಲಾಪಿಯನ್ನು ಅಷ್ಟು ಸುಲಭವಾಗಿ ಕೇಳಲಾಗದು. ಗಣಕಯಂತ್ರವು ಗ್ರಾಮಫೋನಿಗಿಂತ ಬೇಗ ಮುದುಕನಾಗುತ್ತದೆ. ಆದುದರಿಂದ ಅಂಕಿಗಿಳಿಸಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವುದು ಭ್ರಮೆ. ದನಿಯ ಕಡತವನ್ನು ಕೆಲವು ವರ್ಷಗಳಿಗೊಮ್ಮೆ ಹೊಸ ಯಂತ್ರಕ್ಕೆ ದಾಟಿಸುತ್ತಲೇ ಇರಬೇಕು. ಎಲ್ಲ ಯಂತ್ರಗಳೂ ಓದಬಲ್ಲ, ರಚನೆ ಬಹಿರಂಗವಾಗಿರುವ ರೂಪದಲ್ಲಿ ಅದನ್ನು ಇಡಬೇಕು. 1991ರಲ್ಲಿ ಬಂದ ವೇವ್ ಎಂಬ ರೂಪ ಇಂದಿಗೂ ಎಲ್ಲೆಡೆ ಓದಲ್ಪಡುತ್ತಿರುವುದು ಇದೇ ಕಾರಣದಿಂದ. ಎಂಪಿತ್ರೀ ಎಂಬ ರೂಪವು ಕಿವಿಗೆ ತಿಳಿಯದೆಂದು ತಾನು ಬಗೆದ ಅಂಶಗಳನ್ನು ಕಿತ್ತುಹಾಕಿ ಕಡತವನ್ನು ಚಿಕ್ಕದು ಮಾಡುತ್ತದೆ. ಅದು ಅನುಕೂಲವೇ, ಆದರೆ ಭತ್ತಕ್ಕೂ ಅಕ್ಕಿಗೂ ಇರುವ ವ್ಯತ್ಯಾಸವನ್ನು ರೈತನು ಮರೆಯುವನೇ? ಉಣ್ಣುವುದಕ್ಕೆ ಅಕ್ಕಿ ಬೇಕು. ಬಿತ್ತುವುದಕ್ಕೆ ಭತ್ತವೇ ಬೇಕು. ದಿನನಿತ್ಯ ಕೇಳುವುದಕ್ಕೆ ಹಿಂಡಿದ ಪ್ರತಿ ಸಾಕು. ಮುಂದಿನ ಪೀಳಿಗೆಗೆ ಇಡತಕ್ಕದ್ದು ಹಿಂಡದ ಪ್ರತಿ. ಮೂಲವಾದ ತಟ್ಟೆಯನ್ನಂತೂ ಎಸೆಯಲೇಬಾರದು.

ಕೆಲವರು ಇದಕ್ಕೆ ಆಕ್ಷೇಪವೆತ್ತುತ್ತಾರೆ. ‘ಬದುಕಿರುವ ಕಲಾವಿದರಿಗೆ ಅನ್ನವಿಲ್ಲದಿರುವಾಗ ಸತ್ತವರ ತಟ್ಟೆಗಳಿಗೆ ಹಣ ಸುರಿಯುವುದೇಕೆ?’ ಎಂಬುದು ಅವರ ಪ್ರಶ್ನೆ. ಈ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ಆದರೆ ಹಳೆಯ ದನಿ ಸತ್ತವರ ಸೊತ್ತು ಮಾತ್ರವಲ್ಲ. ಇಂದಿನವರು ಕಲಿಯುವುದಕ್ಕೆ ಅದೇ ಗುರು. ಹಾಲೆಂಡಿನ ಆರ್ನಾಲ್ಡ್ ಬಾಕೆ ಎಂಬ ವಿದ್ವಾಂಸರು 1938ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿ ಜನರ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. 1984ರಲ್ಲಿ ನಝೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ದಂಪತಿಗಳು ಅದೇ ದಾರಿಯಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳನ್ನು ಸುತ್ತಿ, ಆ ದನಿಗಳನ್ನು ಅವು ಹುಟ್ಟಿದ ನೆಲದ ಜನರಿಗೇ ಕೇಳಿಸಿ, ಉಳಿದುದೆಷ್ಟು ಅಳಿದುದೆಷ್ಟು ಎಂದು ಪರೀಕ್ಷಿಸಿದರು. ಬಾಕೆಯವರ ಮುದ್ರಣಗಳು ಉಳಿಯದೆ ಇದ್ದಿದ್ದರೆ ಈ ಪರೀಕ್ಷೆ ಸಾಧ್ಯವಾಗುತ್ತಿತ್ತೇ?

ಬದುಕಿರುವವರ ದನಿಯನ್ನೂ ಹಿಡಿಯಬೇಕೆಂಬುದಕ್ಕೆ ನಮ್ಮ ಜಿಲ್ಲೆಯದೇ ನಿದರ್ಶನವಿದೆ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ಮುದ್ರಿಸಿಕೊಂಡರು. 1998ರಲ್ಲಿ ಗ್ರಂಥವಾಗಿ ಪ್ರಕಟವಾದ ಅದರ ಸಾಲುಗಳು 15,683. ಮ್ಯಾನರರ ಕಾಲದಲ್ಲಿ ಅಕ್ಷರ ಮಾತ್ರ ಉಳಿಯಿತು. ಇಲ್ಲಿ ಅಕ್ಷರ, ದನಿ, ಚಿತ್ರ ಮೂರೂ ಉಳಿದುವು. ಆ ಮಹಾಕಥನವನ್ನು ಕಂಠದಲ್ಲಿ ಹೊತ್ತಿದ್ದವರು ವಿದ್ವಾಂಸರಲ್ಲ, ಬೇಸಾಯದಿಂದ ಬದುಕಿದವರು ಎಂಬುದನ್ನು ಮರೆಯಬಾರದು. ಹಾಡಿದವರ ಒಪ್ಪಿಗೆಯಿಲ್ಲದೆ, ಸಂಪ್ರದಾಯದ ಮರ್ಯಾದೆಯನ್ನು ಮೀರಿ ದೈವದ ಪಾಡ್ದನಗಳನ್ನು ಕಂಡಕಂಡಲ್ಲಿ ಕೇಳಿಸುವುದು ರಕ್ಷಣೆಯಲ್ಲ. ತಟ್ಟೆಗಳ ಹಕ್ಕನ್ನೂ ಗೌರವಿಸಬೇಕು; ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ನಮ್ಮ ದೇಶದ ಕಾನೂನು ಧ್ವನಿಮುದ್ರಿಕೆಯನ್ನು ಕಾಯುತ್ತದೆ.

‘ಸರ್ಕಾರ ಮಾಡಲಿ, ವಿಶ್ವವಿದ್ಯಾನಿಲಯ ಮಾಡಲಿ’ ಎಂದು ಸುಮ್ಮನಿರುವುದೂ ಸಲ್ಲದು. ಆಕಾಶವಾಣಿಯ ಮಂಗಳೂರು ಕೇಂದ್ರ 1976ರಿಂದ ಈ ನೆಲದ ದನಿಗಳನ್ನು ಬಿತ್ತರಿಸಿದೆ; ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ ಜಾನಪದ ರಂಗಕಲೆಗಳ ಕೇಂದ್ರವು ಬೆಳೆಯಿತು. ಸಂಸ್ಥೆಗಳು ದೊಡ್ಡ ಕೆಲಸವನ್ನು ಮಾಡಬಲ್ಲವು. ಆದರೆ ನಮ್ಮ ಮನೆಯ ಅಟ್ಟದ ಮೇಲೆ ಏನಿದೆಯೆಂದು ಅವುಗಳಿಗೆ ತಿಳಿಯದು. ಅದು ತಿಳಿದಿರುವುದು ಮನೆಯವರಿಗೆ ಮಾತ್ರ.

ಆದುದರಿಂದ ಈ ಕೆಲಸದಲ್ಲಿ ವಿದ್ಯಾರ್ಥಿಗಳ ಪಾಲು ಸಣ್ಣದಲ್ಲ. ಮನೆಯಲ್ಲಿ, ನೆರೆಯಲ್ಲಿ ಹಳೆಯ ತಟ್ಟೆಯೋ ಸುರುಳಿಯೋ ಇದ್ದರೆ ಅದನ್ನು ಗುಜರಿಗೆ ಹೋಗದಂತೆ ತಡೆಯಿರಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿರಿ. ಯಾರ ಹಾಡು, ಯಾವ ಊರು, ಯಾವ ವರ್ಷ ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿರಿ. ಹೆಸರಿಲ್ಲದ ದನಿ ವಿಳಾಸವಿಲ್ಲದ ಕಾಗದದಂತೆ. ಯಂತ್ರ ಬಲ್ಲವರ ನೆರವಿನಿಂದ ಅದನ್ನು ಅಂಕಿಗಿಳಿಸಿ, ಒಂದಕ್ಕಿಂತ ಹೆಚ್ಚು ಕಡೆ ಪ್ರತಿಯಿರಿಸಿರಿ. ಹಿಂದಿನವರಿಗೆ ಅಕ್ಷರವನ್ನು ಉಳಿಸುವ ಸಾಧನವಷ್ಟೇ ಇದ್ದಿತು; ಅದನ್ನು ಅವರು ಶ್ರದ್ಧೆಯಿಂದ ಬಳಸಿದರು. ನಮಗೆ ದನಿಯನ್ನೂ ಉಳಿಸುವ ಸಾಧನ ದೊರೆತಿದೆ. ಸಾಧನವಿದ್ದೂ ಉಳಿಸದೆ ಹೋದರೆ, ಮುಂದೆ ಬರುವವರು ನಮ್ಮ ಕಾಲವನ್ನು ಬಡತನದ ಕಾಲವೆನ್ನಲಾರರು, ಅಲಕ್ಷ್ಯದ ಕಾಲವೆನ್ನುವರು.