ತಕ್ಕಡಿಗೆ ಬೆರಳು ತಾಗಿಸಬೇಡಿ, ಡಾಕ್ಟರೇ!

"ಈ ಆಪರೇಷನ್ನಿನಲ್ಲಿ ನೂರಕ್ಕೆ ತೊಂಬತ್ತು ಜನ ಬದುಕುತ್ತಾರೆ" ಎಂದರೆ ಪೇಷಂಟು ತಲೆಯಾಡಿಸುತ್ತಾನೆ. "ನೂರಕ್ಕೆ ಹತ್ತು ಜನ ಸಾಯುತ್ತಾರೆ" ಎಂದರೆ ಅದೇ ಪೇಷಂಟು ಚಪ್ಪಲಿ ಹುಡುಕುತ್ತಾನೆ. ಲೆಕ್ಕ ಎರಡೂ ಒಂದೇ. ಬದಲಾದದ್ದು ಮಾತು ಮಾತ್ರ.

ಇದೇನು ಕಟ್ಟೆ ಹರಟೆಯಲ್ಲ. 1982ರಲ್ಲೇ ಅಮೆರಿಕದ ಸಂಶೋಧಕರು ಪರೀಕ್ಷೆ ಮಾಡಿ ನೋಡಿದ ಸಂಗತಿ. ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ನೋ, ವಿಕಿರಣ ಚಿಕಿತ್ಸೆಯೋ ಎಂಬ ಪ್ರಶ್ನೆ. ಬದುಕುವವರ ಲೆಕ್ಕ ಹೇಳಿದಾಗ ವಿಕಿರಣ ಸಾಕೆಂದವರು ಶೇ. 18, ಸಾಯುವವರ ಲೆಕ್ಕ ಹೇಳಿದಾಗ ಶೇ. 44! ಖುದ್ದು ಡಾಕ್ಟರುಗಳೂ ಈ ಮಾತಿನ ಮೋಡಿಗೆ ಸಿಕ್ಕಿದರು. ಅಂದಮೇಲೆ ಸಂತೆಗೆ ಬಂದ ಹಳ್ಳಿಯವನ ಪಾಡೇನು?

ಹೀಗೆ ಮೆಲ್ಲಗೆ ಒಂದು ಕಡೆ ತಳ್ಳುವುದಕ್ಕೆ ಪಂಡಿತರು 'ನಡ್ಜ್' ಎಂದು ಹೆಸರಿಟ್ಟಿದ್ದಾರೆ. ತಳ್ಳುವುದೆಲ್ಲಾ ಪಾಪವಲ್ಲ. ಮಗುವಿಗೆ ಚುಚ್ಚುಮದ್ದಿನ ದಿನ ಬಂತೆಂದು ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯೂ ತಳ್ಳುತ್ತಾಳೆ. ಆದರೆ ಹಗಲು ಬೆಳಕಿನಲ್ಲಿ, ಕಾರಣ ಹೇಳಿ ತಳ್ಳುತ್ತಾಳೆ. ಅವಳಿಗೆ ಪ್ರೋತ್ಸಾಹಧನ ಸಿಗುವುದೂ ಗುಟ್ಟಲ್ಲ.

ಗುಟ್ಟಾಗಿ, ಹೆದರಿಸಿ ತಳ್ಳುವುದೇ ಅನ್ಯಾಯ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಬಡ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದರೆಂಬ ದೂರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿರೆಂದು 2023ರಲ್ಲಿ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು. ಚಿಕಿತ್ಸೆ ಏನು, ಅದರ ಅಪಾಯವೇನು, ಬೇರೆ ದಾರಿ ಇದೆಯೇ, ಬೇಡವೆಂದರೆ ಏನಾದೀತು — ಇಷ್ಟೂ ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದು ಇದೇ ಕೋರ್ಟು 2008ರಲ್ಲೇ ತೀರ್ಪಿತ್ತಿದೆ.

ಬೆಳಗಿನ ಬಸ್ಸಿಗೆ ಬಂದು, ಸಾಯಂಕಾಲದ ಬಸ್ಸು ತಪ್ಪೀತೆಂಬ ಗಾಬರಿಯಲ್ಲಿ ಕೂತವರ ಮುಂದೆ ಫಾರಂ ಹಿಡಿದು "ಇಲ್ಲಿ ಸೈನ್ ಹಾಕಿ" ಎಂದರೆ ಅದು ಒಪ್ಪಿಗೆಯೇ?

ಪ್ರಾಣಕ್ಕೇ ಕುತ್ತು ಬಂದ ಗಳಿಗೆಯ ಮಾತು ಬೇರೆ. ಆಗ ಚರ್ಚೆಗೆ ಹೊತ್ತಿಲ್ಲ. ಉಳಿದಂತೆ ಡಾಕ್ಟರು ಬದುಕಿನ ಲೆಕ್ಕ, ಸಾವಿನ ಲೆಕ್ಕ ಎರಡನ್ನೂ ಹೇಳಲಿ. ತಮ್ಮ ಸಲಹೆಯನ್ನೂ ಧಾರಾಳವಾಗಿ ಕೊಡಲಿ, ಆದರೆ ಸಲಹೆ ಎಂದೇ ಹೇಳಿ ಕೊಡಲಿ. ಪೇಷಂಟೂ ಬಾಯಿಬಿಟ್ಟು ಕೇಳಲಿ: "ಮಾಡಿಸದಿದ್ರೆ ಏನಾಗುತ್ತೆ ಸಾರ್? ಎರಡು ದಿನ ಯೋಚಿಸಬಹುದಾ?"

ಬೆಲ್ಲ ತೂಗುವ ಅಂಗಡಿಯವನು ತಕ್ಕಡಿಗೆ ಬೆರಳು ತಾಗಿಸಿದರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಅಲ್ಲಿ ಹೋಗುವುದು ಹಿಡಿ ಬೆಲ್ಲ. ಇಲ್ಲಿ ತೂಗುತ್ತಿರುವುದು ಮನುಷ್ಯನ ಮೈ.