ಗೆಳೆಯರಿಗೆ ವಿನಾಯಿತಿ, ಬಡವರಿಗೆ ನಿರ್ಬಂಧ



ಧಾರ್ಮಿಕ ಸ್ವಾತಂತ್ರ್ಯವನ್ನು ತುಳಿಯುವ ದೇಶಗಳ ಮೇಲೆ ಅಮೆರಿಕ ನಿರ್ಬಂಧ ಹೇರುವುದನ್ನು ಕೆಲವರು ದಾದಾಗಿರಿ ಎನ್ನುತ್ತಾರೆ, ಇನ್ನು ಕೆಲವರು ನೊಂದವರ ಪರ ನಿಲ್ಲುವ ಧೈರ್ಯ ಎಂದು ಹೊಗಳುತ್ತಾರೆ. ನನ್ನ ತಕರಾರು ಬೇರೆ. ಹೇರಬೇಕಾದ ಕಡೆ ಅದನ್ನು ಹೇರುವುದೇ ಇಲ್ಲ.

1998ರ ಅಂತರರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯಂತೆ ಅಲ್ಲಿನ ಸರ್ಕಾರ 'ವಿಶೇಷ ಕಳವಳದ ದೇಶ'ಗಳ ಪಟ್ಟಿ ಮಾಡಿ ಕ್ರಮ ಜರುಗಿಸಬೇಕು. ಆದರೆ ರಾಷ್ಟ್ರೀಯ ಹಿತಾಸಕ್ತಿಯ ಹೆಸರಿನಲ್ಲಿ ವಿನಾಯಿತಿ ಕೊಡುವುದಕ್ಕೂ, ಬೇರೆ ಕಾರಣಕ್ಕೆ ಹಿಂದೆಯೇ ಹೇರಿದ್ದ ನಿರ್ಬಂಧವನ್ನು ತೋರಿಸಿ ಕೈತೊಳೆದುಕೊಳ್ಳುವುದಕ್ಕೂ ಅದೇ ಕಾಯ್ದೆಯಲ್ಲಿ ದಾರಿಯಿದೆ.

ಸೌದಿ ಅರೇಬಿಯಾ 2004ರಲ್ಲೇ ಪಟ್ಟಿಗೆ ಸೇರಿತು; 2006ರಿಂದ ಅದಕ್ಕೆ ವಿನಾಯಿತಿ. ಇಸ್ಲಾಂಗೆ ಅವಮಾನ ಮಾಡಿದನೆಂದು ಬ್ಲಾಗ್ ಬರಹಗಾರ ರೈಫ್ ಬದಾವಿಗೆ ಹತ್ತು ವರ್ಷ ಜೈಲು, ಸಾವಿರ ಛಡಿಯೇಟಿನ ಶಿಕ್ಷೆ ಆಯಿತು. 2015ರ ಜನವರಿಯಲ್ಲಿ ಜಿದ್ದಾದ ಮಸೀದಿಯೊಂದರ ಎದುರು, ಜನರ ಮುಂದೆಯೇ ಮೊದಲ ಐವತ್ತು ಏಟು ಬಿದ್ದವು. ಎರಡೂವರೆ ವರ್ಷ ಕಳೆಯುವುದರೊಳಗೆ ಅಮೆರಿಕದ ಅಧ್ಯಕ್ಷರು ರಿಯಾದ್‌ಗೆ ಹೋಗಿ 11,000 ಕೋಟಿ ಡಾಲರ್‌ಗಳ ಶಸ್ತ್ರಾಸ್ತ್ರ ಮಾರಾಟದ ಮಾತುಕತೆ ಮುಗಿಸಿ ಬಂದರು.

ಅದೇ 2004ರಲ್ಲಿ ಪಟ್ಟಿ ಸೇರಿದ ಇನ್ನೊಂದು ದೇಶ ಎರಿಟ್ರಿಯಾ. 2002ರಲ್ಲಿ ಅಲ್ಲಿ ನಾಲ್ಕು ಪಂಥಗಳನ್ನು ಬಿಟ್ಟು ಉಳಿದವುಗಳ ಪ್ರಾರ್ಥನಾ ಮಂದಿರಗಳಿಗೆ ಬೀಗ ಹಾಕಲಾಯಿತು. ಸರಕು ಸಾಗಿಸುವ ಕಬ್ಬಿಣದ ಕಂಟೈನರುಗಳಲ್ಲಿ ಕೈದಿಗಳನ್ನು ಕೂಡಿಹಾಕಿದರು. ಈ ದೇಶಕ್ಕೆ ಮಾತ್ರ ಶಿಕ್ಷೆ ಜಾರಿಯಾಯಿತು: 2005ರಿಂದ ಅಮೆರಿಕದ ಶಸ್ತ್ರಾಸ್ತ್ರ ಮಾರಾಟ ನಿಷೇಧ. ಅಷ್ಟು ಬಡ ದೇಶ ಅಮೆರಿಕದ ಶಸ್ತ್ರಾಸ್ತ್ರಗಳ ಗಿರಾಕಿಯಾಗಿದ್ದದ್ದಾದರೂ ಯಾವಾಗ? ಸೈನ್ಯದ ಸೇವೆಗೆ ಒಲ್ಲೆ ಎಂದು 1994ರಲ್ಲಿ ಜೈಲು ಸೇರಿದ್ದ ಯೆಹೋವನ ಸಾಕ್ಷಿಗಳ ಪಂಥದ ಮೂವರು ಹೊರಬಂದದ್ದು 2020ರ ಡಿಸೆಂಬರ್‌ನಲ್ಲಿ. ಆ ನಿಷೇಧದಿಂದ ಅವರ ಸೆರೆವಾಸ ಒಂದು ದಿನವೂ ಕಡಿಮೆಯಾದಂತೆ ಕಾಣುವುದಿಲ್ಲ.

ಚೀನಾ 1999ರಿಂದಲೂ ಪಟ್ಟಿಯಲ್ಲಿದೆ. ಅದಕ್ಕೆ ವಿಧಿಸಿದ ಶಿಕ್ಷೆ, ತಿಯಾನನ್‌ಮೆನ್ ಹತ್ಯಾಕಾಂಡದ ನಂತರ ಹೇರಿದ್ದ ಪೊಲೀಸ್ ಉಪಕರಣಗಳ ರಫ್ತು ನಿಷೇಧ. ಹಳೆಯದನ್ನೇ ಮತ್ತೆ ಲೆಕ್ಕಕ್ಕೆ ಹಿಡಿದರು. ಚೀನಾ ಮಾಡಿದ್ದೇನೆಂದು ತಿಳಿಯಲು ದೂರ ಹೋಗಬೇಕಿಲ್ಲ: ನಮ್ಮ ಬೈಲಕುಪ್ಪೆಗೆ ಹೋದವರು ತಾಶಿ ಲುನ್ಪೊ ಮಠವನ್ನು ನೋಡಿರಬಹುದು. ಟಿಬೆಟ್ಟಿನಲ್ಲಿ ಬೌದ್ಧರ ಹಿರಿಯ ಧರ್ಮಗುರು ಪಂಚೆನ್ ಲಾಮಾ ಅವರ ಪೀಠವಾಗಿದ್ದ ಮಠವನ್ನು 1972ರಲ್ಲಿ ಇಲ್ಲಿ ಮತ್ತೆ ಸ್ಥಾಪಿಸಿದರು. ದಲೈ ಲಾಮಾ ಅವರು ಪಂಚೆನ್ ಲಾಮಾ ಎಂದು ಗುರುತಿಸಿದ ಗೆಧುನ್ ಚೋಕಿ ನಿಮಾ ಎಂಬ ಆರು ವರ್ಷದ ಹುಡುಗನನ್ನು 1995ರ ಮೇ ತಿಂಗಳಲ್ಲಿ ಚೀನಾದ ಅಧಿಕಾರಿಗಳು ಕರೆದೊಯ್ದರು. ಅಂದಿನಿಂದ ಹೊರಜಗತ್ತಿಗೆ ಅವನ ಮುಖ ಕಂಡಿಲ್ಲ.

ಮನಸ್ಸು ಮಾಡಿದರೆ ಪಟ್ಟು ಹಿಡಿಯಲು ಅಮೆರಿಕಕ್ಕೆ ಬರುತ್ತದೆ. ತನ್ನದೇ ಪ್ರಜೆ, ಪಾದ್ರಿ ಆಂಡ್ರೂ ಬ್ರನ್ಸನ್‌ರನ್ನು ಟರ್ಕಿ ಬಂಧಿಸಿದ್ದಾಗ, 2018ರ ಆಗಸ್ಟ್‌ನಲ್ಲಿ ಅಲ್ಲಿನ ಇಬ್ಬರು ಸಚಿವರ ಹೆಸರು ಹಿಡಿದು ನಿರ್ಬಂಧ ಹೇರಿತು, ಉಕ್ಕಿನ ಮೇಲಿನ ಸುಂಕವನ್ನೂ ಇಮ್ಮಡಿಗೊಳಿಸಿತು. ಅಕ್ಟೋಬರ್‌ನಲ್ಲಿ ಪಾದ್ರಿ ಮನೆಗೆ ಹೊರಟರು. ಆದರೆ ಆ ಹೊತ್ತಿಗೆ ಕುಸಿದಿದ್ದ ಟರ್ಕಿಯ ಕರೆನ್ಸಿ ಲಿರಾದ ಪೆಟ್ಟು ತಿಂದವರಲ್ಲಿ ಆತನ ಬಂಧನಕ್ಕೆ ಸಂಬಂಧವೇ ಇಲ್ಲದ ಸಾಮಾನ್ಯ ಜನರೂ ಇದ್ದರು. ನನಗೆ ಸರಿ ಕಾಣುವುದು ಹೆಸರು ಹಿಡಿದು ಹೇರಿದ ನಿರ್ಬಂಧ, ಇಡೀ ದೇಶದ ಸಂತೆಗೆ ಬೀಳುವ ಬರೆಯಲ್ಲ.

ಆದ್ದರಿಂದ ಆ ಕಾಯ್ದೆಯಲ್ಲಿ ವಿನಾಯಿತಿಯ ಅವಕಾಶವನ್ನು ತೆಗೆದುಹಾಕಲಿ. ಹುಡುಗನನ್ನು ಬಚ್ಚಿಟ್ಟ ಅಧಿಕಾರಿ, ಛಡಿಯೇಟಿನ ತೀರ್ಪು ಬರೆದ ನ್ಯಾಯಾಧೀಶ, ಕಂಟೈನರಿಗೆ ಬೀಗ ಹಾಕಿಸಿದ ಸೇನಾಧಿಕಾರಿ, ಇವರ ವೀಸಾ ಮತ್ತು ಬ್ಯಾಂಕ್ ಖಾತೆಗಳನ್ನು ತಡೆಹಿಡಿಯಲಿ. ಅವರ ಸರ್ಕಾರ ಗೆಳೆಯನೋ ಹಗೆಯೋ ಎಂದು ನೋಡದೆ ತಡೆಹಿಡಿಯಲಿ.

– ಓದುಗ, ಪಿರಿಯಾಪಟ್ಟಣ