ಔತಣದ ಕರೆ ಸಂಕೋಲೆಯಾದ ಬಗೆ

ಅನ್ಯರ ಧರ್ಮಗ್ರಂಥದಿಂದ ಒಂದು ಕಠೋರ ವಚನವನ್ನೂ ನಮ್ಮ ಗ್ರಂಥದಿಂದ ಒಂದು ಮೃದು ವಚನವನ್ನೂ ಆರಿಸಿ ಅಕ್ಕಪಕ್ಕದಲ್ಲಿಟ್ಟರೆ ಯಾವ ವಾದವನ್ನಾದರೂ ಗೆಲ್ಲಬಹುದು. ಇಸ್ಲಾಮಿನ ಹೆಸರಿನಲ್ಲಿ ಎಲ್ಲಿಯೋ ರಕ್ತ ಹರಿದಾಗಲೆಲ್ಲ ನಮ್ಮ ನಡುವೆ ಈ ಹೋಲಿಕೆ ಕೇಳಿಬರುತ್ತದೆ: ಅವರ ಕುರಾನಿನಲ್ಲಿ ಕತ್ತಿಯಿದೆ, ನಮ್ಮ ಶುಭಸಂದೇಶದಲ್ಲಿ ಪ್ರೀತಿಯಿದೆ. ಹೀಗೆನ್ನುವ ಕ್ರೈಸ್ತನು ಶುಭಸಂದೇಶದ ಒಂದೇ ಒಂದು ಮಾತಿನ ಇತಿಹಾಸವನ್ನು ಅರಿತಿದ್ದರೆ ಸಾಕು, ಅವನ ನಾಲಿಗೆ ತಡವರಿಸುತ್ತಿತ್ತು.

ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಔತಣದ ಸಾಮತಿಯಿದೆ. ಆಹ್ವಾನಿತರು ನೆಪ ಹೇಳಿ ಬಾರದಿದ್ದಾಗ ಯಜಮಾನನು ಬಡವರನ್ನೂ ಅಂಗವಿಕಲರನ್ನೂ ಕರೆಸುತ್ತಾನೆ. ಇನ್ನೂ ಸ್ಥಳ ಉಳಿದಾಗ, ಹಾದಿಬೀದಿಯಲ್ಲಿರುವವರನ್ನು ಒತ್ತಾಯಪಡಿಸಿ ಕರೆತರುವಂತೆ ಸೇವಕನಿಗೆ ಹೇಳುತ್ತಾನೆ. ಸಂಕೋಚಪಡುವ ಅತಿಥಿಯನ್ನು ಕೈಹಿಡಿದು ಎಲೆಯ ಮುಂದೆ ಕೂರಿಸುವ ಒತ್ತಾಯವದು. ಆದರೆ ಐದನೇ ಶತಮಾನದ ಉತ್ತರ ಆಫ್ರಿಕದಲ್ಲಿ ಈ ಮಾತಿಗೆ ಬೇರೊಂದು ಅರ್ಥ ಒದಗಿತು. ಹಿಪ್ಪೊ ನಗರದ ಧರ್ಮಾಧ್ಯಕ್ಷರಾದ ಸಂತ ಅಗಸ್ತೀನರು, ಸಭೆಯಿಂದ ಬೇರ್ಪಟ್ಟ ದೊನಾತ ಪಂಥದವರನ್ನು ವಾದದಿಂದಲೇ ಗೆಲ್ಲಬೇಕೆಂದು ಮೊದಲು ನಂಬಿದ್ದರು. 405ರಲ್ಲಿ ಸಾಮ್ರಾಟ ಹೊನೋರಿಯಸನು ಆ ಪಂಥದ ವಿರುದ್ಧ ಶಾಸನ ಹೊರಡಿಸಿದ ಮೇಲೆ, ದಂಡನೆಗೆ ಅಂಜಿ ಜನರು ಮರಳುವುದನ್ನು ಕಂಡು ಅವರ ಮನಸ್ಸು ಬದಲಾಯಿತು. 408 ಮತ್ತು 417ರ ಸುಮಾರಿಗೆ ಬರೆದ ಪತ್ರಗಳಲ್ಲಿ ಔತಣದ ಒತ್ತಾಯವನ್ನೇ ರಾಜದಂಡಕ್ಕೆ ಆಧಾರವಾಗಿ ತೋರಿಸಿದರು. ಮರಣದಂಡನೆ ಸಲ್ಲದೆಂದು ಅವರು ಬೇಡಿದ್ದು ನಿಜ. ಆದರೆ ಬಾಗಿಲು ತೆರೆದಾಗಿತ್ತು.

ಆ ಬಾಗಿಲಿನಿಂದ ಬಂದವರು ಅವರಷ್ಟು ಕರುಣಾಳುಗಳಾಗಿರಲಿಲ್ಲ. ಹದಿಮೂರನೇ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು, ಎಂದೂ ವಿಶ್ವಾಸವನ್ನು ಸ್ವೀಕರಿಸದವರನ್ನು ಬಲವಂತಪಡಿಸಬಾರದೆಂದರೂ, ಸ್ವೀಕರಿಸಿ ತೊರೆದವರ ವಿಷಯದಲ್ಲಿ ಬಲಪ್ರಯೋಗವನ್ನೂ, ಹಠ ಬಿಡದ ಪಾಷಂಡಿಗಳಿಗೆ ಮರಣವನ್ನೂ ಸಮರ್ಥಿಸಿದರು. ಗೋವೆಯಲ್ಲಿ 1560ರಲ್ಲಿ ತೊಡಗಿದ ಧರ್ಮವಿಚಾರಣೆಯ ನ್ಯಾಯಾಲಯವು ನಡುವೆ ಕೆಲವು ವರ್ಷ ನಿಂತು, ಶಾಶ್ವತವಾಗಿ ಮುಚ್ಚಿದ್ದು 1812ರಲ್ಲಿ. ದೀಕ್ಷಾಸ್ನಾನ ಪಡೆದೂ ಪೂರ್ವಜರ ಆಚಾರ ಬಿಡದವರು ಅದರ ಮುಂದೆ ನಡುಗುತ್ತ ನಿಂತರು. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಕ್ರೈಸ್ತ ಕುಟುಂಬಗಳ ಮೂಲನೆಲ ಅದೇ ಗೋವೆ. ಫ್ರಾನ್ಸಿನಲ್ಲಿ 1685ರಲ್ಲಿ ದೊರೆ ಹದಿನಾಲ್ಕನೇ ಲೂಯಿ ಪ್ರೊಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ಕಿತ್ತುಕೊಂಡಾಗಲೂ ಈ ವಾಕ್ಯದ ಬೆಂಬಲವಿತ್ತು. ಆ ವರ್ಷವೇ ಸೆರೆಮನೆಯಲ್ಲಿ ಅಣ್ಣನನ್ನು ಕಳೆದುಕೊಂಡ ಪಿಯರ್ ಬೇಲ್ ಎಂಬ ಚಿಂತಕ, 1686ರಲ್ಲಿ ಈ ಒಂದು ವಾಕ್ಯದ ಮೇಲೆಯೇ ಗ್ರಂಥ ಬರೆದ. ಅಪರಾಧವನ್ನು ಕರ್ತವ್ಯವಾಗಿಸುವ ಯಾವ ಅಕ್ಷರಾರ್ಥವೂ ಸುಳ್ಳು ಎಂಬುದು ಅವನ ವಾದ. ವಿಶ್ವಾಸದ ವಿಷಯದಲ್ಲಿ ಯಾರ ಮೇಲೂ ಬಲಾತ್ಕಾರ ಸಲ್ಲದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರ ಡಿಸೆಂಬರ್ 7ರಂದು. ಅಗಸ್ತೀನರ ಪತ್ರದಿಂದ ಇಲ್ಲಿಗೆ ಹದಿನೈದು ಶತಮಾನಗಳಿಗೂ ಮಿಕ್ಕ ದಾರಿ!

ಈಗ ಕುರಾನಿನತ್ತ ನೋಡಿ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ಅದರ ಎರಡನೇ ಅಧ್ಯಾಯದ 256ನೇ ವಚನ ಸ್ಪಷ್ಟವಾಗಿ ಹೇಳುತ್ತದೆ. ಮದೀನದ ಯೆಹೂದಿ ಕುಲವೊಂದು ನಗರ ತೊರೆಯಬೇಕಾದಾಗ, ಆ ಕುಲದ ನಡುವೆ ಬೆಳೆದ ತಮ್ಮ ಮಕ್ಕಳನ್ನು ಬಲವಂತದಿಂದ ಮುಸಲ್ಮಾನರನ್ನಾಗಿಸ ಬಯಸಿದ ಹೆತ್ತವರಿಗೆ ಇದು ಉತ್ತರವಾಗಿ ಬಂತೆಂದು ಇಸ್ಲಾಮೀ ಪರಂಪರೆ ಹೇಳುತ್ತದೆ. ಆದರೂ ನಂತರದ ಯುದ್ಧವಚನಗಳಿಂದ ಇದು ರದ್ದಾಯಿತೆಂದು ಕೆಲವು ವ್ಯಾಖ್ಯಾನಕಾರರು ತೀರ್ಪಿತ್ತರು; ಇತರರು ಅದನ್ನು ಒಪ್ಪಲಿಲ್ಲ. ಒಂಬತ್ತನೇ ಅಧ್ಯಾಯದ ಐದನೇ ವಚನವನ್ನು ಉಗ್ರರೂ ಉದ್ಧರಿಸುತ್ತಾರೆ, ಇಸ್ಲಾಮಿನ ದ್ವೇಷಿಗಳೂ ಉದ್ಧರಿಸುತ್ತಾರೆ. ಒಪ್ಪಂದ ಪಾಲಿಸಿದವರನ್ನು ಹೊರತುಪಡಿಸುವ ನಾಲ್ಕನೇ ವಚನವನ್ನೂ, ಆಶ್ರಯ ಬೇಡಿದ ಬಹುದೇವಾರಾಧಕನನ್ನು ಸುರಕ್ಷಿತ ಸ್ಥಳಕ್ಕೆ ತಲುಪಿಸಬೇಕೆನ್ನುವ ಆರನೇ ವಚನವನ್ನೂ ಇಬ್ಬರೂ ಒಟ್ಟಾಗಿ ನುಂಗುತ್ತಾರೆ. ಶತ್ರುಗಳಿಬ್ಬರ ಓದು ಎಷ್ಟೊಂದು ಸಮಾನ!

ಹಾಗೆಂದು, ಹಿಂಸೆಗೂ ಧರ್ಮಕ್ಕೂ ಸಂಬಂಧವೇ ಇಲ್ಲವೆಂಬ ವೇದಿಕೆಯ ಮಾತನ್ನೂ ನಾನು ಒಪ್ಪಲಾರೆ. 2014ರಲ್ಲಿ ಮೋಸುಲ್ ನಗರದ ಕ್ರೈಸ್ತರನ್ನು ಮನೆಮಠಗಳಿಂದ ಅಟ್ಟಿದವರು, ಸಿಂಜಾರಿನ ಯಜೀದಿ ಸ್ತ್ರೀಯರನ್ನು ದಾಸಿಯರನ್ನಾಗಿ ಮಾರಿದವರು ಗ್ರಂಥಾಧಾರ ಹುಡುಕಿಯೇ ಆ ಕೃತ್ಯಗಳನ್ನೆಸಗಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 120ಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಅವರಿಗೆ ಬಹಿರಂಗ ಪತ್ರ ಬರೆದು, ಬಲವಂತದ ಮತಾಂತರವೂ ದಾಸ್ಯವೂ ಇಸ್ಲಾಮಿನಲ್ಲಿ ನಿಷಿದ್ಧವೆಂದು ಅದೇ ಗ್ರಂಥದಿಂದ ವಾದಿಸಿದರು. ಕೆಟ್ಟ ಓದನ್ನು ಸೋಲಿಸಲು ಒಳ್ಳೆಯ ಓದು ಬೇಕು. ಸಂಬಂಧವೇ ಇಲ್ಲವೆಂದು ಕೈತೊಳೆದುಕೊಂಡವನು ಆ ಹೋರಾಟಕ್ಕೆ ಇಳಿಯುವುದೇ ಇಲ್ಲ.

ಪ್ರವಾದಿ ಮುಹಮ್ಮದರು ಯುದ್ಧ ನಡೆಸಿದರು, ಯೇಸುಸ್ವಾಮಿ ಕತ್ತಿ ಹಿಡಿಯಲಿಲ್ಲ, ಈ ಭೇದವನ್ನು ಮರೆಯಬೇಕೇ ಎಂದು ನೀವು ಕೇಳಬಹುದು. ಮರೆಯಬೇಕಿಲ್ಲ. ಆದರೆ ಆ ಭೇದ ನಮ್ಮ ಹೊರೆಯನ್ನು ಹಗುರಗೊಳಿಸುವುದಿಲ್ಲ, ಭಾರಗೊಳಿಸುತ್ತದೆ. ಗೆತ್ಸೆಮನೆ ತೋಪಿನಲ್ಲಿ ಪೇತ್ರನ ಕತ್ತಿಯನ್ನು ಒರೆಗೆ ಸೇರಿಸಿದ ಗುರುವಿನ ಶಿಷ್ಯರು ಔತಣದ ಸಾಮತಿಯಿಂದ ಸಂಕೋಲೆ ಮಾಡಬಲ್ಲವರಾದರೆ, ಅವರಿಗೆ ಯಾವ ನೆಪ ಉಳಿದೀತು?

ಆದ್ದರಿಂದ, ಪ್ರಿಯ ಓದುಗರೇ, ನೆರೆಯವನ ಗ್ರಂಥವನ್ನು ಆರೋಪಪಟ್ಟಿಯಂತೆ ಓದುವವನಿಗೆ ತನ್ನ ಗ್ರಂಥದ ಮುಂದೆ ನ್ಯಾಯಾಧೀಶನ ಪೀಠವಿಲ್ಲ, ಅಲ್ಲಿ ಅವನೂ ವಿಚಾರಣೆಗೆ ನಿಂತವನೇ. ವಚನವೊಂದು ಕೈಗೆ ಸಿಕ್ಕಾಗ ಅದರ ಹಿಂದಿನದನ್ನೂ ಮುಂದಿನದನ್ನೂ ಓದಿ. ಅನಂತರ ಕೇಳಿಕೊಳ್ಳಿ: ನನ್ನ ಈ ಓದಿನಿಂದ ಯಾರ ಮನೆಯ ಬಾಗಿಲು ಮುರಿಯುತ್ತದೆ? ಈ ಪ್ರಶ್ನೆಗೆ ಅಂಜದ ವಿಶ್ವಾಸಿಯೇ ಔತಣಕ್ಕೆ ಇತರರನ್ನು ಕರೆಯಲು ಅರ್ಹನು.